ಗುಡ್ಡದ ಗೂಡಿನ ಮೌನ

ವೇಲ್ಸ್‌ನಲ್ಲಿ ಸದ್ದಿಲ್ಲದೆ ಬೆಟ್ಟ ಸುತ್ತಬೇಕೆನ್ನುವವರು ಮೊದಲು ಬಿಡಬೇಕಾದದ್ದು ಅಲ್ಲಿನ ಅತಿ ಎತ್ತರದ ಬೆಟ್ಟವನ್ನೇ. 1,085 ಮೀಟರಿನ ಸ್ನೋಡನ್‌ಗೆ 1896ರಲ್ಲೇ ರೈಲು ಹಾಕಿದ್ದಾರೆ. ಏದುಸಿರು ಬಿಡುತ್ತ ಹತ್ತಿದವರಿಗೆ ನೆತ್ತಿಯಲ್ಲಿ ಎದುರಾಗುವುದು ಇಸ್ತ್ರಿ ಕೆಡದ ಪ್ರಯಾಣಿಕರು. ಮೌನ ಬೇಕಾದರೆ ಅದರ ದಕ್ಷಿಣಕ್ಕಿರುವ ರಿನೋಗ್ ಸಾಲೇ ವಾಸಿ. ಅಲ್ಲಿ ಬಂಡೆ, ಮೊಣಕಾಲುದ್ದದ ಹೆದರ್ ಪೊದೆಗಳ ನಡುವೆ ದಾರಿ ಸಿಕ್ಕಿದ್ದೇ ಪುಣ್ಯ.

ತಂಗಲು ಬಾಡಿಗೆಯ ಕ್ಯಾಬಿನ್‌ಗಳುಂಟು: ಸೌದೆ ಒಲೆ, ಮೆತ್ತನೆಯ ಹಾಸಿಗೆ, ಕಿಟಕಿಯಾಚೆ ಮಳೆ. ನಿಜವಾದ ವಿರಕ್ತರಿಗಾದರೆ ಬಾಥಿಗಳಿವೆ. ಕುರುಬರೋ ರೈತರೋ ಬಿಟ್ಟುಹೋದ ಇಂಥ ಕಲ್ಲುಮನೆಗಳನ್ನು 1965ರಲ್ಲಿ ಹುಟ್ಟಿದ ಮೌಂಟನ್ ಬಾಥೀಸ್ ಅಸೋಸಿಯೇಷನ್ನಿನ ಸ್ವಯಂಸೇವಕರು ದುರಸ್ತಿ ಮಾಡಿಡುತ್ತಾರೆ. ಬಾಡಿಗೆಯಿಲ್ಲ, ಬೀಗವಿಲ್ಲ. ಕರೆಂಟು, ನಲ್ಲಿ, ಹಾಸಿಗೆಗಳೂ ಇಲ್ಲ. ಶೌಚಾಲಯದ ಬದಲಿಗೆ ಮೂಲೆಯಲ್ಲೊಂದು ಸಲಿಕೆ. ಅದನ್ನು ಹಿಡಿದು ಹೊರಟವರು ಮನೆಯಿಂದಲೂ ತೊರೆಯಿಂದಲೂ ಸಾಕಷ್ಟು ದೂರ ನಡೆಯಬೇಕು. ಮಳೆ ಬರುತ್ತಿದ್ದರೂ ರಿಯಾಯಿತಿಯಿಲ್ಲ.

ಇನ್ನು ಮೌನದ ಮಾತು. ಸುಮಾರು ಮೂವತ್ತು ಲಕ್ಷ ಜನರಿರುವ ನಾಡಿನಲ್ಲಿ ಕುರಿಗಳು ಅದರ ಎರಡುಪಟ್ಟಿಗೂ ಹೆಚ್ಚು. ನಿಶ್ಶಬ್ದ ಹುಡುಕಿ ಬಂದವರನ್ನು ಬೆಳಗಿನ ಜಾವವೇ ಅವು ಎಬ್ಬಿಸುತ್ತವೆ.

ಇದೆಲ್ಲ ಸಾಲದು ಎನ್ನುವವರಿಗೆ 893 ಮೀಟರಿನ ಕಾಡೇರ್ ಇಡ್ರಿಸ್ ಇದೆ. ಅದರ ಮೇಲೆ ರಾತ್ರಿ ಮಲಗಿದವರು ಏಳುವಾಗ ಕವಿಯಾಗಿರುತ್ತಾರೆ, ಇಲ್ಲವೇ ಹುಚ್ಚರಾಗಿರುತ್ತಾರೆ ಎಂಬುದು ಐತಿಹ್ಯ. ಯಾರು ಏನಾದರೆಂದು ತೀರ್ಮಾನಿಸುವ ವ್ಯವಸ್ಥೆ ಮಾತ್ರ ಐತಿಹ್ಯದಲ್ಲಿಲ್ಲ.