ಪಫರ್ ಮೀನಿನ ಆಹಾರಮೀಮಾಂಸೆ: ಶಿಕಾರಿಪುರ, ಸೊರಬ ಸೀಮೆಯ ಆಧಾರಗಳೊಂದಿಗೆ

ಗಾಜಿನ ತೊಟ್ಟಿಯಲ್ಲಿ ಸಾಕುವ ಸಿಹಿನೀರಿನ ಪಫರ್ ಮೀನಿಗೆ ಏನು ಉಣಿಸಬೇಕೆಂಬ ಪ್ರಶ್ನೆಯನ್ನು ನಮ್ಮ ಇತಿಹಾಸಕಾರರು ಇಲ್ಲಿಯವರೆಗೆ ಮುಟ್ಟದೇ ಬಿಟ್ಟಿರುವುದು ಶೋಚನೀಯ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿರುವ ಕೋಡಿಮಠದ 1162ರ ಶಾಸನ, ಅಲ್ಲಿ ಅನ್ನ ಪಡೆಯುತ್ತಿದ್ದ ದೀನರು, ಅನಾಥರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು ಎಲ್ಲರ ಉದ್ದನೆಯ ಪಟ್ಟಿ ಕೊಡುತ್ತದೆ. ಪಫರ್ ಮೀನು ಅದರಲ್ಲಿಲ್ಲ. ಅವಸರದ ಓದುಗರು ಇದನ್ನು ಶಾಸನಕಾರನ ಮರೆವು ಎಂದಾರು. ಹಾಗಲ್ಲ. ಈ ಮೀನು ಅನ್ನ ಮುಟ್ಟುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅನ್ನಸತ್ರದ ಪಟ್ಟಿಯಲ್ಲಿ ಅನ್ನ ಉಣ್ಣದವರ ಹೆಸರೇಕೆ? ಸಾಕುಮೀನಿನ ಊಟವನ್ನು ಸಾಕುವವರ ಅಡುಗೆಮನೆ ನಿರ್ಧರಿಸಬಾರದು, ಮೀನಿನ ಹಲ್ಲು ನಿರ್ಧರಿಸಬೇಕು ಎಂಬ ನಮ್ಮ ಸಿದ್ಧಾಂತಕ್ಕೆ ಈ ಮೌನವೇ ಮೊದಲ ಪ್ರಮಾಣ.

ಎರಡನೆಯ ಪ್ರಮಾಣ ಮೀನಿನ ಬಾಯಲ್ಲೇ ಇದೆ. ಈ ಕುಲಕ್ಕೆ ನಾಲ್ಕೇ ಹಲ್ಲು, ಮೇಲೆರಡು ಕೆಳಗೆರಡು. ಅವು ಗಿಣಿಯ ಕೊಕ್ಕಿನಂತೆ ಕೂಡಿಕೊಂಡು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ. ಚಿಪ್ಪು ಒಡೆಯುವ ಕೆಲಸ ಸಿಗದಿದ್ದರೆ, ಅದರಲ್ಲೂ ದೊಡ್ಡ ಜಾತಿಗಳಲ್ಲಿ, ಕೊಕ್ಕು ಮಿತಿಮೀರಿ ಬೆಳೆದು ಮೀನು ಊಟದ ಎದುರಲ್ಲೇ ಉಪವಾಸ ಬೀಳುತ್ತದೆ. 1941ರಲ್ಲಿ ಹೋರಾ ಮತ್ತು ನಾಯರ್ ಕೇರಳದ ಪಂಪಾ ನದಿಯಿಂದ ವರ್ಣಿಸಿದ, ಮೂರೂವರೆ ಸೆಂಟಿಮೀಟರ್ ದಾಟದ ಪಶ್ಚಿಮಘಟ್ಟದ ಕುಳ್ಳ ಪಫರ್‌ಗೆ ಈ ಗಂಡಾಂತರ ಕಡಿಮೆ. ಆದರೂ ಪುಟ್ಟ ಬಸವನ ಹುಳು ಕಂಡರೆ ಅದು ಬಿಡುವ ಪೈಕಿಯಲ್ಲ. (ಪಂಪನಿಗೂ ಬನವಾಸಿಗೂ ಇದ್ದ ನಂಟು ಬಲ್ಲವರಿಗೆ ಪಂಪಾ ನದಿಯ ಮೀನನ್ನು ಪಕ್ಕದ ಸೊರಬಕ್ಕೆ ತರುವುದು ಕಷ್ಟವೇನಲ್ಲ.) ಇನ್ನು ಕೆರೆಗಳಿಗೇ ಹೆಸರಾದ ಸೊರಬದಲ್ಲಿ ಬೇಸಿಗೆಯ ಕೆರೆಬೇಟೆ ನಡೆದಾಗ ಕೂಣಿ ಎಂಬ ಮೀನುಬುಟ್ಟಿ ಹಿಡಿದು ಇಳಿದವರು ಮೀನು ಹೊತ್ತು ಮನೆಗೆ ಹೋಗುತ್ತಾರೆ, ಬಸವನ ಹುಳುವನ್ನು ತಿರುಗಿಯೂ ನೋಡುವುದಿಲ್ಲ. ಯಾರ ಪಾಲಿಗೆಂದು ಬಿಟ್ಟಿದ್ದಾರೆ ಎಂಬುದನ್ನು ವಿದ್ವಾಂಸರಿಗೆ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಪೂರ್ವಪಕ್ಷ ಏಳುತ್ತದೆ. ಅಲ್ಲಮ, ಅಕ್ಕಮಹಾದೇವಿ ಹುಟ್ಟಿದ ನೆಲದಲ್ಲಿ ಮೀನನ್ನಾದರೂ ಮಂಡಕ್ಕಿ, ಅವಲಕ್ಕಿಗೆ ಒಗ್ಗಿಸಬಾರದೇ? ಒಗ್ಗಿಸಬಹುದಿತ್ತು, ಮೀನು ವಚನ ಓದಿದ್ದರೆ. ಅಂಗಡಿಯ ಒಣ ಕಾಳನ್ನೇ ಹೆಚ್ಚಿನ ಪಫರ್‌ಗಳು ಮೂಸಿ ಬಿಡುವಾಗ ಅವಲಕ್ಕಿಯ ಮಾತೆಲ್ಲಿ? ಹಾಗಾದರೆ ಸೀಗಡಿಯೊಂದನ್ನೇ ಹಾಕೋಣವೆಂದರೆ ಅದೂ ಸಲ್ಲದು: ಕೆಲವು ಸೀಗಡಿ, ಮಳಿಗಳಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ. ರಕ್ತಹುಳು, ಸೊಳ್ಳೆಮರಿ, ಬಸವನ ಹುಳು ಹೀಗೆ ಬದಲಾಯಿಸುತ್ತ ಕೊಡುವುದೇ ಸರಿ. ತೊಟ್ಟಿಯ ಬಳಿ ಹೋದಾಗಲೆಲ್ಲ ಮೀನು ಗಾಜಿಗೆ ಮುಖ ಒತ್ತಿ ಬೇಡುತ್ತದಲ್ಲ ಎನ್ನುವವರಿಗೆ ಉತ್ತರ ಇಷ್ಟೇ: ಅದು ಉಂಡ ಮೇಲೂ ಬೇಡುತ್ತದೆ. ಆ ಮುಖ ನೋಡಿ ಕರಗಿದವರ ತೊಟ್ಟಿಯಲ್ಲಿ ಮೊದಲು ಕೆಡುವುದು ನೀರು. ಬೆಳೆದ ಮೀನಿಗೆ ವಾರಕ್ಕೊಂದು ದಿನ ಉಪವಾಸವಿದ್ದರೆ ತೊಂದರೆಯಿಲ್ಲ. ಏಕಾದಶಿಯೇ ಆಗಬೇಕೆಂಬ ನಿಯಮವಿಲ್ಲ.

ಬಲವಾದ ಆಕ್ಷೇಪ ಒಂದೇ, ಅದು ನಮ್ಮ ಪಕ್ಷಕ್ಕೇ ತಗಲುವಂಥದ್ದು. ಕೆರೆಯ ಬಸವನ ಹುಳು ಹಲವು ಪರಾವಲಂಬಿಗಳ ಮನೆ; ದನಗಳ ಗೊರಕೆ ರೋಗದ ಹುಳು ಬೆಳೆಯುವುದೂ ಅದರೊಳಗೇ. ಗದ್ದೆಯದಾದರೆ ಕೀಟನಾಶಕದ ಭಯ. ಆದ್ದರಿಂದ ಇಷ್ಟು ಹೊತ್ತು ಕೊಂಡಾಡಿದ ಸೊರಬದ ಕೆರೆಗಳಿಂದ ಒಂದು ಹುಳುವನ್ನೂ ತರಕೂಡದೆಂದು ಶಾಸ್ತ್ರ ವಿಧಿಸುತ್ತದೆ. ಮೀನು ಕೊಳ್ಳುವ ಮೊದಲೇ ಬೇರೊಂದು ತೊಟ್ಟಿಯಲ್ಲಿ ತೆಳುಚಿಪ್ಪಿನ ಬಸವನ ಹುಳು ಸಾಕಿ, ಸೊಪ್ಪು, ಸೌತೆಕಾಯಿ ಹಾಕಿ. ನಿಮ್ಮ ಮನೆಯ ಸಸ್ಯಾಹಾರ ಆ ತೊಟ್ಟಿಯಲ್ಲಿ ಸಲ್ಲುತ್ತದೆ.