ಐನೂರನೇ ನಂಬರಿನ ಪೈಲವಾನ

ಆಳಂದದ ಕಡೆಯ ಮಟಕಿ ಊರಿನಲ್ಲಿ ಟೆನ್ನಿಸ್ ಚೆಂಡು ಯಾರಿಗೂ ಹೊಸದಲ್ಲ. ಕಿರಾಣಿ ಅಂಗಡಿಯಲ್ಲಿ ಚಿಕ್ಕಿ ಡಬ್ಬಿಯ ಪಕ್ಕದಲ್ಲೇ ಕೂತಿರುತ್ತದೆ. ಹುಡುಗರು ರೊಕ್ಕ ಕೂಡಿಸಿ ಅದನ್ನು ಕೊಳ್ಳುತ್ತಾರೆ, ರಾಶಿ ಮುಗಿದ ತೊಗರಿ ಹೊಲದಲ್ಲಿ ಕ್ರಿಕೆಟ್ ಆಡುತ್ತಾರೆ, ಸಂಜೆಯೊಳಗೆ ಯಾರದೋ ಬಾವಿಗೆ ಬೀಳಿಸಿ ಮನೆಗೆ ಬರುತ್ತಾರೆ. ಆ ಚೆಂಡಿಗೆ ಅದರದೇ ಒಂದು ಆಟ ಇದೆ ಎಂದರೆ "ಇರ್ಲಿ ಬಿಡ್ರಿ" ಅನ್ನುತ್ತಾರೆ. ಆಳಂದದ ಕಡೆಯವರಿಗೆ ಒಬ್ಬನ ಎದುರು ಒಬ್ಬ ನಿಂತು ಆಡುವ ಆಟ ಒಂದೇ, ಅದು ಕುಸ್ತಿ.

2023ರ ನವೆಂಬರ್ ಕೊನೆಗೆ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಪುರುಷರ ಅಂತಾರಾಷ್ಟ್ರೀಯ ಟೆನ್ನಿಸ್ ಟೂರ್ನಿ ನಡೆಯಿತು. ನೋಡಲು ಹೋಗುವಾಗ ನಮ್ಮ ಕಾಕಾ ಅವರನ್ನೂ ಕರೆದುಕೊಂಡು ಹೋದೆ. ಅವರು ಒಂದು ಕಾಲದ ಪೈಲವಾನರು. ಮೊಣಕಾಲು ಅಖಾಡ ಬಿಟ್ಟು ಬಹಳ ವರ್ಷವಾಯಿತು, ಬಾಯಿ ಇನ್ನೂ ಬಿಟ್ಟಿಲ್ಲ. ಗ್ಯಾಲರಿಯಲ್ಲಿ ಜಾಗಕ್ಕೇನೂ ಬರ ಇರಲಿಲ್ಲ. ಇಬ್ಬರೂ ಕಾಲು ಚಾಚಿ ಕೂತೆವು.

"ಯಾರೋ ತಮ್ಮಾ ಇವ್ರು?"

"ಪ್ರೊಫೆಷನಲ್ ಆಟಗಾರರು ಕಾಕಾ. ಇದೇ ಇವ್ರ ಉದ್ಯೋಗ. ಇಂಥ ಟೂರ್ನಿಗೆ ಬರೋರು ಜಗತ್ತಿನಾಗ ಐನೂರನೇದಾವ, ಆರ್ನೂರನೇದಾವ ಹಿಂಗ ಇರ್ತಾರ."

"ಐನೂರನೇದಾವ? ಅಂದ್ರ ಅವನ ಮುಂದ ನಾಕ್ನೂರ ತೊಂಬತ್ತೊಂಬತ್ತು ಮಂದಿ ಅದಾರ?"

"ಅದಾರ್ರೀ."

"ಮತ್ತ ಅವ್ರನ್ನ ಬಿಟ್ಟು ಇವನ್ನ ನೋಡ್ಲಾಕ ನನ್ನ ಯಾಕ ಕರ್ಕೊಂಡು ಬಂದಿ?"

ಅಷ್ಟರಲ್ಲಿ ಐನೂರನೇದಾವ ಒಂದು ಸರ್ವ್ ಹೊಡೆದ. ಚೆಂಡು ಹೋದದ್ದು ಕಾಕಾ ಅವರಿಗೆ ಕಾಣಲೇ ಇಲ್ಲ, ಎದುರಿನ ಬೇಲಿಗೆ ಬಡಿದ ಸಪ್ಪಳ ಮಾತ್ರ ಕೇಳಿಸಿತು. ಅವರು ಚಾಚಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ನಂಬರಿನ ಮಾತು ತೆಗೆಯಲಿಲ್ಲ, ರೊಕ್ಕದ ಮಾತು ತೆಗೆದರು.

ಪೈಲವಾನರಿಗೆ ರೊಕ್ಕದ ಲೆಕ್ಕ ಬೇಗ ತಿಳಿಯುತ್ತದೆ. ನಮ್ಮ ಕಡೆಯ ಜಾತ್ರೆಯಲ್ಲಿ ಮೊದಲು ಚಿಕ್ಕ ಹುಡುಗರು ತೆಂಗಿನಕಾಯಿಗೆ ಕುಸ್ತಿ ಹಿಡಿಯುತ್ತಾರೆ. ಆಮೇಲೆ ಜೋಡಿ ಬೆಳೆದಂತೆ ಇನಾಮೂ ಬೆಳೆಯುತ್ತದೆ, ಕಡೆಯ ಕುಸ್ತಿಗೆ ಬೆಳ್ಳಿ ಖಡೆ; ಕಾಕಾ ಅವರೂ ಒಂದು ಗೆದ್ದವರು. ಟೆನ್ನಿಸ್‌ನಲ್ಲೂ ಹಾಗೆಯೇ ಎಂದು ಹೇಳಿದೆ. ಮೇಲೆ ವಿಂಬಲ್ಡನ್ ಮೊದಲಾದ ನಾಲ್ಕು ದೊಡ್ಡ ಜಾತ್ರೆ, ಅದರ ಕೆಳಗೆ ಎಟಿಪಿ ಟೂರ್ನಿಗಳು, ಅದರ ಕೆಳಗೆ ಚಾಲೆಂಜರ್, ಎಲ್ಲಕ್ಕೂ ಕೆಳಗೆ ಕಲಬುರಗಿ, ಧಾರವಾಡ, ದಾವಣಗೆರೆ, ಮೈಸೂರಿನಂಥ ಊರುಗಳಿಗೆ ಬರುವ ಐಟಿಎಫ್ ಟೂರ್ನಿಗಳು. ಕಲಬುರಗಿಯ ಇನಾಮು ಎಲ್ಲ ಸೇರಿ 25,000 ಡಾಲರ್. ಸಿಂಗಲ್ಸ್ ಗೆದ್ದವನಿಗೆ 3,600 ಡಾಲರ್, ಅಂದರೆ ಸುಮಾರು ಮೂರು ಲಕ್ಷ ರೂಪಾಯಿ. ಮೊದಲ ಸುತ್ತಿನಲ್ಲೇ ಸೋತವನಿಗೆ 260 ಡಾಲರ್, ಸುಮಾರು ಇಪ್ಪತ್ತೊಂದೂವರೆ ಸಾವಿರ.

"ಸೋತವಂಗ ಇಪ್ಪತ್ತೊಂದೂವರೆ ಸಾವಿರ!" ಕಾಕಾ ಎದ್ದೇ ನಿಂತರು. "ನಾ ತಪ್ಪ ಆಟ ಆಡೀನಲ್ಲೋ ತಮ್ಮಾ!"

ಅವರನ್ನು ಕೂಡಿಸಿ ಖರ್ಚಿನ ಪಟ್ಟಿ ಒಪ್ಪಿಸಿದೆ. ವಿಮಾನದ ಟಿಕೆಟ್ಟು, ಹೋಟೆಲ್ ರೂಮು, ಊಟ, ಬೂಟು, ವಾರ ವಾರ ರ‍್ಯಾಕೆಟ್ಟಿಗೆ ಗಟ್ಟಿಂಗು, ಎಲ್ಲಾ ಆಟಗಾರನ ಕಿಸೆಯಿಂದಲೇ. ಕೋಚ್ ಜೊತೆಗಿದ್ದರೆ ಎಲ್ಲಾ ಎರಡರಷ್ಟು. ಅದಕ್ಕೇ ಬಹಳ ಮಂದಿ ಕೋಚನ್ನು ಫೋನಿನಲ್ಲಿಟ್ಟುಕೊಂಡು ಬರುತ್ತಾರೆ. ರೂಮಿನ ಬಾಡಿಗೆ ಉಳಿಸಲು ಇಬ್ಬಿಬ್ಬರು ಸೇರಿ ಇರುತ್ತಾರೆ. ಕೆಲವೊಮ್ಮೆ ಮುಂಜಾನೆ ಎದುರಾಳಿ ಆಗಬೇಕಾದವನೇ ರಾತ್ರಿ ಪಕ್ಕದ ಮಂಚದಲ್ಲಿ ಗೊರಕೆ ಹೊಡೆಯುತ್ತಿರುತ್ತಾನೆ. ಅರ್ಹತಾ ಸುತ್ತಿನಲ್ಲಿ ಸೋತವನಿಗಂತೂ ಇನಾಮೇ ಇಲ್ಲ. 15,000 ಡಾಲರ್‌ನ ಟೂರ್ನಿಯಾದರೆ ಮೊದಲ ಸುತ್ತಿನ ಸೋಲಿಗೆ ಆಗ ಸಿಗುತ್ತಿದ್ದದ್ದು 156 ಡಾಲರ್.

ಕಾಕಾ ಮತ್ತೆ ಕಾಲು ಚಾಚಿದರು. "ಏನೇ ಆಗ್ಲಿ, ನಮ್ಮ ಜಾತ್ರ್ಯಾಗ ಕಮಿಟಿಯವ್ರು ಪೈಲವಾನಗ ಊಟ ಹಾಕಿ ಬಸ್ ಚಾರ್ಜ್ ಕೊಡ್ತಿದ್ರು."

ಜಗತ್ತಿನ ಟೆನ್ನಿಸ್ ಕಮಿಟಿಯವರೂ ಒಮ್ಮೆ ಕೂತು ಲೆಕ್ಕ ಹಾಕಿದ್ದಾರೆ. 2013ರಲ್ಲಿ ವೃತ್ತಿಪರ ಟೂರ್ನಿಗಳಲ್ಲಿ ಆಡಿದ ಗಂಡಸರು, ಹೆಂಗಸರು ಸೇರಿ 13 ಸಾವಿರಕ್ಕೂ ಹೆಚ್ಚು. ಕೋಚ್ ಖರ್ಚು ಬಿಟ್ಟೇ ಒಬ್ಬ ಗಂಡಸಿಗೆ ವರ್ಷಕ್ಕೆ ಸರಾಸರಿ 38,800 ಡಾಲರ್ ಖರ್ಚು. ಗಂಡಸರಲ್ಲಿ 336ನೇ ಸ್ಥಾನದ ಆಸುಪಾಸಿಗೆ ಬಂದರೆ ಹಾಕಿದ ರೊಕ್ಕ ಹಾಗೇ ತಿರುಗಿ ಬರುತ್ತಿತ್ತು, ಅಷ್ಟೇ. ಆಚೆಯವರದು ಕೈಯಿಂದ ಕಟ್ಟುವ ಉದ್ಯೋಗ. ಸಂಬಳ ಕೊಡುವ ಉದ್ಯೋಗ ಗೊತ್ತಿತ್ತು, ಸಂಬಳ ಕೊಡದ ಉದ್ಯೋಗವೂ ಗೊತ್ತಿತ್ತು. ಉದ್ಯೋಗಕ್ಕೆ ನಾವೇ ತಿಂಗಳು ತಿಂಗಳು ಸಂಬಳ ಕೊಡುವ ಪದ್ಧತಿಯನ್ನು ಟೆನ್ನಿಸ್ ಕಂಡುಹಿಡಿದಿದೆ.

336ರೊಳಗೆ ಬಂದವರ ಮನೆಯಲ್ಲಾದರೂ ಹೋಳಿಗೆಯೇ ಎಂದು ಕೇಳಬೇಡಿ. ಸುಮಿತ್ ನಾಗಲ್ 2017ರಲ್ಲಿ ಬೆಂಗಳೂರು ಚಾಲೆಂಜರ್ ಗೆದ್ದ ಹುಡುಗ. 2023ರ ಸೆಪ್ಟೆಂಬರಿನಲ್ಲಿ ಭಾರತದ ನಂಬರ್ ಒನ್ ಆಗಿದ್ದ. ಅದೇ ತಿಂಗಳು ಅವನು, ನನ್ನ ಬ್ಯಾಂಕ್ ಖಾತೆಯಲ್ಲಿ 900 ಯೂರೋ ಉಳಿದಿದೆ ಎಂದು ಹೇಳಿಕೊಂಡ. ಅಂದರೆ ಸುಮಾರು 80 ಸಾವಿರ ರೂಪಾಯಿ. ಸರ್ಕ್ಯೂಟಿನಲ್ಲಿ ಆಡಲು ಅವನಿಗೆ ವರ್ಷಕ್ಕೆ ಸುಮಾರು ಒಂದು ಕೋಟಿ ಬೇಕಿತ್ತು. ಇಂಡಿಯನ್ ಆಯಿಲ್‌ನ ಸಂಬಳವನ್ನೂ ಅವನು ಈ ಆಟಕ್ಕೇ ಸುರಿಯುತ್ತಿದ್ದ. ನಾಲ್ಕೇ ತಿಂಗಳಿಗೆ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತು ದಾಟಿ, 31ನೇ ಶ್ರೇಯಾಂಕದ ಬುಬ್ಲಿಕ್‌ನನ್ನು ಸೋಲಿಸಿ, ಎರಡನೇ ಸುತ್ತಿನಲ್ಲಿ ತಾನು ಸೋತ. ಸೋತದ್ದಕ್ಕೆ ಬಂದದ್ದು 1,80,000 ಆಸ್ಟ್ರೇಲಿಯನ್ ಡಾಲರ್, ಒಂದು ಕೋಟಿಗೆ ಚೂರು ಕಮ್ಮಿ. ಸೋಲಿನಲ್ಲೂ ಎಲ್ಲಿ ಸೋಲಬೇಕು ಎಂಬುದೇ ಈ ಆಟದ ದೊಡ್ಡ ಪಟ್ಟು.

ಇನ್ನು ಪಾಯಿಂಟಿನ ಮಾತು. ಇದನ್ನು ತಿಳಿಸಲು ಕಾಕಾ ಅವರಿಗೆ ಎರಡು ಚಹಾ ಕುಡಿಸಬೇಕಾಯಿತು. ಗೆದ್ದ ಪಾಯಿಂಟು 52 ವಾರ ಮಾತ್ರ ಲೆಕ್ಕಕ್ಕೆ. ಹೋದ ವರ್ಷ ಈ ವಾರ ಗೆದ್ದದ್ದು ಈ ವರ್ಷ ಈ ವಾರ ಉದುರಿಹೋಗುತ್ತದೆ. ಮತ್ತೆ ಗೆಲ್ಲದಿದ್ದರೆ ಸೋಮವಾರ ಹೊಸ ಪಟ್ಟಿ ಬಂದಾಗ ಆಟಗಾರ ಕೂತಲ್ಲೇ ಕೆಳಗಿಳಿದಿರುತ್ತಾನೆ.

"ಹಂಗಾರ ನನ್ನ ಖಡೆ?" ಕಾಕಾ ಗಾಬರಿಯಾದರು.

"ಅದು ನಿಮ್ದೇ ಕಾಕಾ, ಯಾರೂ ಇಸ್ಕೊಳ್ಳಂಗಿಲ್ಲ."

ಈ ಪಾಯಿಂಟುಗಳೇ ದೊಡ್ಡ ದೊಡ್ಡವರನ್ನು ಚಿಕ್ಕ ಜಾತ್ರೆಗೆ ಎಳೆದು ತರುವುದು. ಕಲಬುರಗಿ ಗೆದ್ದವರು ರಾಮಕುಮಾರ್ ರಾಮನಾಥನ್, ಫೈನಲ್‌ನಲ್ಲಿ ಸೋತವರು ಆಸ್ಟ್ರಿಯಾದ ಡೇವಿಡ್ ಪಿಚ್ಲರ್. 2017ರಲ್ಲಿ ಟರ್ಕಿಯ ಅಂಟಾಲ್ಯದಲ್ಲಿ, ಆಗ ಜಗತ್ತಿನ ಎಂಟನೇ ನಂಬರಿನಲ್ಲಿದ್ದ ಡೊಮಿನಿಕ್ ಥೀಮ್‌ನನ್ನು ಸೋಲಿಸಿದ್ದು ಇದೇ ರಾಮಕುಮಾರ್. ಮರುವರ್ಷ ಅಮೆರಿಕದ ನ್ಯೂಪೋರ್ಟ್‌ನಲ್ಲಿ ಎಟಿಪಿ ಫೈನಲ್ ತಲುಪಿದ್ದರು. ಅಂಥವರು ಬಂದು ನಮ್ಮ ಬಿಸಿಲಿನಲ್ಲಿ ಮೂರು ಲಕ್ಷಕ್ಕೆ ಬೆವರು ಸುರಿಸಿದರು. ಗ್ಯಾಲರಿಯಲ್ಲಿ ನಾವು ಶೇಂಗಾ ಸುಲಿಯುತ್ತ "ಇಂವ ಬರೋಬ್ಬರಿ ಆಡ್ತಾನ ನೋಡು" ಎಂದು ಸರ್ಟಿಫಿಕೇಟ್ ಕೊಟ್ಟೆವು.

ರೊಕ್ಕ, ಪಾಯಿಂಟಿನ ಗೋಳು ಸಾಲದೆಂದು ಊಟದ ಸಂಗತಿ ಬೇರೆ. ಐರ್ಲೆಂಡಿನ ಕಾನರ್ ನೈಲ್ಯಾಂಡ್ ಎಂಬಾತ ವರ್ಷಗಟ್ಟಲೆ ಕೆಳಗಿನ ಟೂರ್ನಿಗಳಲ್ಲಿ ಅಲೆದು 129ನೇ ಸ್ಥಾನದವರೆಗೆ ಏರಿದ. 2011ರ ಯು.ಎಸ್. ಓಪನ್ ಮೊದಲ ಸುತ್ತಿನಲ್ಲಿ ಜೊಕೊವಿಚ್ ಎದುರು ಆಡುವ ಯೋಗವೂ ಬಂತು. ಆದರೆ ತಿಂದದ್ದು ಕೆಟ್ಟು ಹೊಟ್ಟೆ ಕೈಕೊಟ್ಟಿತು, ಆಟ ಅರ್ಧಕ್ಕೇ ಬಿಟ್ಟ. ಮುಂದೆ ಇದೆಲ್ಲವನ್ನೂ ಪುಸ್ತಕವಾಗಿ ಬರೆದ, 2024ರಲ್ಲಿ ಅದಕ್ಕೆ ಬ್ರಿಟನ್ನಿನ ದೊಡ್ಡ ಕ್ರೀಡಾ ಪುಸ್ತಕ ಪ್ರಶಸ್ತಿ ಬಂತು. ಆಟ ಕೊಡದ್ದನ್ನು ಆಟದ ಗೋಳು ಕೊಟ್ಟಿತು. ಈ ಕಥೆ ಕೇಳಿದ ಕಾಕಾ ಅವರದು ಒಂದೇ ಪರಿಹಾರ: "ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಬೇಕಿತ್ತು. ತಿಂಗಳಾದ್ರೂ ಕೆಡಂಗಿಲ್ಲ."

ಇಷ್ಟಾದರೂ ಯಾಕೆ ಆಡುತ್ತಾರೆ ಎಂದರೆ ನಮ್ಮ ಕೊಡಗಿನ ರೋಹನ್ ಬೋಪಣ್ಣನವರನ್ನು ತೋರಿಸಬಹುದು. ಸಿಂಗಲ್ಸ್‌ನಲ್ಲಿ ಅವರು ತಲುಪಿದ್ದು 213ನೇ ಸ್ಥಾನ, ಅದೂ 2007ರಲ್ಲಿ. ಬೇರೆಯವರು ಕಾಫಿ ತೋಟ ನೋಡಿಕೊಳ್ಳುವ ವಯಸ್ಸಿನಲ್ಲಿ, 2024ರ ಜನವರಿಯಲ್ಲಿ, 43 ತುಂಬಿದ ಬೋಪಣ್ಣ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಡಬಲ್ಸ್‌ನಲ್ಲಿ ಜಗತ್ತಿನ ಒಂದನೇ ನಂಬರ್ ಆದರು. ಈ ಒಂದು ಉದಾಹರಣೆಯ ಬಲದ ಮೇಲೆ ಎಷ್ಟು ಮನೆಯ ತಂದೆಯರು ಇನ್ನೊಂದು ವರ್ಷ ಖರ್ಚು ಕೊಡಲು ಒಪ್ಪಿದ್ದಾರೋ ಬೋಪಣ್ಣನವರಿಗೂ ತಿಳಿದಿರಲಿಕ್ಕಿಲ್ಲ.

2024ರಿಂದ ಗಂಡಸರ ಟೂರ್ ನಡೆಸುವ ಎಟಿಪಿಯವರು ಕನಿಷ್ಠ ಆದಾಯದ ಭರವಸೆ ಕೊಟ್ಟಿದ್ದಾರೆ. ಆ ವರ್ಷದ ಲೆಕ್ಕದಲ್ಲಿ ಮೊದಲ ನೂರು ಮಂದಿಗೆ 3 ಲಕ್ಷ ಡಾಲರ್, 175ರವರೆಗೆ ಒಂದೂವರೆ ಲಕ್ಷ, 250ರವರೆಗೆ 75 ಸಾವಿರ. ಒಳ್ಳೆಯ ಕೆಲಸ. ಆದರೆ ರೊಕ್ಕ ಸಾಲದವರು ಇರುವುದೇ 250ರ ಆಚೆ. ಮದುವೆ ಊಟವನ್ನು ಮೊದಲ ಪಂಕ್ತಿಗೇ ಮುಗಿಸಿ ಪಾತ್ರೆ ತೊಳೆದರೆ ಹಿಂದಿನ ಪಂಕ್ತಿಯವರ ಕೈಗೆ ಬರೀ ನೀರು.

ಆದ್ದರಿಂದ ಓದುಗರಲ್ಲಿ ಒಂದು ಮಾತು. ಇಂಥ ಟೂರ್ನಿ ನಿಮ್ಮೂರಿಗೆ ಬಂದರೆ ಹೋಗಿ ನೋಡಿ. ಟಿಕೆಟ್ ಸಾಮಾನ್ಯವಾಗಿ ಇರುವುದಿಲ್ಲ, ಜಾಗ ಯಾವಾಗಲೂ ಇರುತ್ತದೆ. ಗೆದ್ದವನಿಗೆ ಹೇಗೂ ಫೋಟೋ, ಹಾರ, ಮಂತ್ರಿಗಳ ಕೈಯಿಂದ ಕಪ್ಪು ಇರುತ್ತವೆ. ನೀವು ಮೊದಲ ಸುತ್ತಿನಲ್ಲಿ ಸೋತವನಿಗೆ ಚಪ್ಪಾಳೆ ಹೊಡೆಯಿರಿ, ಅವನು ತನ್ನ ರೊಕ್ಕದಲ್ಲಿ ಬಂದು ನಿಮಗೆ ಪುಕ್ಕಟೆ ಆಟ ತೋರಿಸಿದ್ದಾನೆ.