ಪಿನ್ನಣ್ಣ

ನಮ್ಮ ಮಂಡ್ಯ ಸೀಮೆಯಲ್ಲಿ ಈಗ ಊರಿಗೊಬ್ಬ ಪಿನ್ನಣ್ಣ ಇದ್ದೇ ಇರುತ್ತಾನೆ. ಹೆತ್ತವರಿಟ್ಟ ಹೆಸರು ಬೇರೆ. ಇದು ಕಂಡಕಂಡಲ್ಲಿ ಪಿನ್ನು ಚುಚ್ಚಿ ಸಂಪಾದಿಸಿದ್ದು. ಗೂಗಲ್‌ನ ‘ಮೈ ಮ್ಯಾಪ್ಸ್’ನಲ್ಲಿ ಅವನದೇ ಸ್ವಂತ ನಕ್ಷೆಯಿದೆ. ಮಂಡ್ಯ ಜಿಲ್ಲೆ 1939ರಲ್ಲೇ ಹುಟ್ಟಿದ್ದರೂ ತಾನು ಪಿನ್ನು ಚುಚ್ಚುವ ತನಕ ಅದು ಭೂಮಿಯ ಮೇಲೆ ಗಟ್ಟಿಯಾಗಿ ಕೂತಿರಲಿಲ್ಲ ಎಂದೇ ಅವನ ನಂಬಿಕೆ.

ಮದ್ದೂರಿನಲ್ಲಿ ಅವನ ಜೊತೆ ವಡೆ ತಿನ್ನಲು ಕೂತವರ ಪಾಡು ಶತ್ರುವಿಗೂ ಬೇಡ. ತಟ್ಟೆ ಬಂದ ಕೂಡಲೇ “ಕೈ ಹಾಕ್ಬೇಡಿ ಕಣಣ್ಣ, ವಸಿ ತಡೀರಿ” ಎಂದು ಅಡ್ಡ ಬರುತ್ತಾನೆ. ಮೇಲಿನಿಂದೊಂದು ಫೋಟೊ, ಪಕ್ಕದಿಂದೊಂದು, ಚಟ್ನಿ ಸಮೇತ ಒಂದು, ಮುರಿದು ಈರುಳ್ಳಿ ಕಾಣುವ ಹಾಗೆ ಮತ್ತೊಂದು. ರೈಲು ಹೊರಡುವುದರೊಳಗೆ ಏನಾದರೂ ಕರಿದು ಕೊಡಬೇಕು ಅನ್ನುವ ಅವಸರದಲ್ಲೇ ಮದ್ದೂರು ನಿಲ್ದಾಣದಲ್ಲಿ ಈ ವಡೆ ಹುಟ್ಟಿತು ಎನ್ನುತ್ತಾರೆ. ಆವತ್ತು ಅಲ್ಲಿ ಪಿನ್ನಣ್ಣ ಇದ್ದಿದ್ದರೆ, ರೈಲು ಮೈಸೂರು ಮುಟ್ಟಿದ ಮೇಲೂ ವಡೆ ತಟ್ಟೆಯಲ್ಲೇ ಇರುತ್ತಿತ್ತು.

ಅವನ ನಕ್ಷೆಯಲ್ಲಿ ಅಭಿಮಾನಕ್ಕೂ ಬಣ್ಣವುಂಟು. ಶಿವನಸಮುದ್ರದಲ್ಲಿ ಕಾವೇರಿ ಕವಲೊಡೆದು ಧುಮುಕುತ್ತಾಳಷ್ಟೆ. ಮಳವಳ್ಳಿ ಕಡೆಯ ಗಗನಚುಕ್ಕಿಗೆ ಕೆಂಪು ಪಿನ್ನು, ಒಂಬತ್ತು ಫೋಟೊ. ಅದರಲ್ಲಿ ಏಳರಲ್ಲಿ ಜಲಪಾತಕ್ಕೆ ಅಡ್ಡಲಾಗಿ ಇವನೇ ನಿಂತಿದ್ದಾನೆ. ಭರಚುಕ್ಕಿಗೆ ಬೂದು ಪಿನ್ನು, ಫೋಟೊ ಸೊನ್ನೆ. ಯಾಕಪ್ಪಾ ಅಂದರೆ, “ಅದು ಚಾಮರಾಜನಗರ ಜಿಲ್ಲೆ ಬುಡಿ. ಅವ್ರ ಪಿನ್ನು ಅವ್ರು ಮಡಿಕ್ಕಳ್ಲಿ” ಎನ್ನುತ್ತಾನೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು ಎಂಬ ಸಾಲನ್ನು ಗಗನಚುಕ್ಕಿಯ ಫೋಟೊ ಕೆಳಗೆ ಬರೆಯಲು ಕೂತ ರಾತ್ರಿ ಅವನ ಮನೆಯಲ್ಲೇ ಕರೆಂಟಿರಲಿಲ್ಲ. ಆ ಸಾಲು ಎರಡು ದಿನ ತಡವಾಗಿ ನಕ್ಷೆಗೇರಿತು.

ಕೊಕ್ಕರೆ ಬೆಳ್ಳೂರಿಗೆ ಹೋದದ್ದು ಹಕ್ಕಿಗಳು ಗೂಡು ಬಿಟ್ಟು ಹೊರಟುಹೋದ ಮೇಲೆ. ಬರಿಗೈಲಿ ಬರುವುದುಂಟೆ? ಖಾಲಿ ಮರದ ಫೋಟೊ ಹಾಕಿ, ಕೆಳಗೆ ‘ಹಕ್ಕಿಗಳು ಇಲ್ಲೇ ಕೂರುತ್ತವೆ’ ಎಂದು ಬರೆದ.

ಆಲೆಮನೆಯಲ್ಲಿ ನಡೆದದ್ದು ಇನ್ನೂ ಚೆನ್ನ. ಕೊಪ್ಪರಿಗೆಯ ಹಬೆಯೊಳಗೆ ಇವನು ಮೊಬೈಲು ತೂರಿಸಿದ್ದೇ ತಡ, ಪಾಕ ತಿರುವುತ್ತಿದ್ದವನು ಕೈಮುಗಿದ.

“ಯಾವ ಇಲಾಖೇರು ಸಾಮಿ ತಾವು?”

“ಇಲಾಖೆ ಅಲ್ಲ ಕಣಪ್ಪ, ನಕ್ಷೆ.”

“ಓ, ಸರ್ವೇನೋರಾ! ನಮ್ದೇನೂ ಒತ್ತುವರಿ ಇಲ್ಲ ಸಾಮಿ” ಎಂದವನೇ ನಾಲ್ಕು ಅಚ್ಚು ಬೆಲ್ಲ ಕಟ್ಟಿಕೊಟ್ಟ. ಪಿನ್ನಣ್ಣ ಬೇಡ ಅನ್ನಲಿಲ್ಲ. ಬೆಲ್ಲದ್ದೂ ಒಂದು ಫೋಟೊ ತೆಗೆದ.

ಅವನ ವಿದ್ಯೆಗೆ ಪರೀಕ್ಷೆ ಬಂದದ್ದು ತಮ್ಮನ ಮಗನ ಬೀಗರೂಟದಲ್ಲಿ. ಬೆಂಗಳೂರಿನ ನೆಂಟರು ಹೊಸ ಹೆದ್ದಾರಿಯಲ್ಲಿ ಊರು ದಾಟಿ ಹೋಗಿಬಿಟ್ಟಾರು ಎಂದು ಬೇರೆಯೇ ಒಂದು ನಕ್ಷೆ ಮಾಡಿದ. ಹೆದ್ದಾರಿ ಇಳಿಯುವ ಜಾಗ, ಹುಣಸೇಮರ, ಹಾಲಿನ ಡೈರಿ, ಶಾಮಿಯಾನ, ಕೈ ತೊಳೆಯುವ ಡ್ರಮ್ಮು, ಪ್ರತಿಯೊಂದಕ್ಕೂ ಪಿನ್ನು, ಪ್ರತಿ ಪಿನ್ನಿಗೂ ಫೋಟೊ. ಮೂರು ರಾತ್ರಿ ಕಂಪ್ಯೂಟರಿನ ಮುಂದೆ ಕೂತಿದ್ದ. ಲಿಂಕು ಎಲ್ಲರ ವಾಟ್ಸಾಪಿಗೂ ಹೋಯಿತು.

ಆದರೆ ಮೈ ಮ್ಯಾಪ್ಸ್‌ನಲ್ಲಿ ಮಾಡಿದ ನಕ್ಷೆ, ನಾವಾಗಿ ಹಂಚುವ ತನಕ ಮಾಡಿದವನಿಗೆ ಮಾತ್ರ ಕಾಣುತ್ತದೆ. ಆ ಒಂದು ಗುಂಡಿ ಒತ್ತುವುದನ್ನು ಪಿನ್ನಣ್ಣ ಮರೆತಿದ್ದ. ಹೆದ್ದಾರಿ ಪಕ್ಕದಲ್ಲಿ ಕಾರುಗಳು ಸಾಲುಗಟ್ಟಿ ನಿಂತವು. ಎಲ್ಲರ ಮೊಬೈಲೂ ‘ಅನುಮತಿ ಕೇಳಿ’ ಎನ್ನುತ್ತಿದ್ದವು. ಅನುಮತಿ ಕೊಡಬೇಕಾದವನು ಶಾಮಿಯಾನದಡಿ ಮುದ್ದೆಯ ಪಕ್ಕಕ್ಕೆ ಬೋಟಿ ಗೊಜ್ಜು ಜೋಡಿಸಿ ಫೋಟೊ ತೆಗೆಯುತ್ತಿದ್ದ.

ಅಲ್ಲೇ ಮೇಕೆ ಮೇಯಿಸುತ್ತಿದ್ದ ಅಜ್ಜಿ ಬಂದು ಕಾರಿನೊಳಗೆ ಇಣುಕಿದಳು. “ಬೀಗರೂಟಕ್ಕಾ? ಆ ಹುಣಸೇಮರದತ್ರ ಎಡಕ್ಕೆ ತಿರುಗ್ರಪ್ಪ. ಆಮ್ಯಾಕೆ ಸಾರಿನ ವಾಸ್ನೆ ಹಿಡ್ಕಂಡು ಓಗಿ.”

ಒಬ್ಬರೂ ದಾರಿ ತಪ್ಪಲಿಲ್ಲ. ಸಂಜೆ ಪಿನ್ನಣ್ಣ ತಾನೇ ಹೋಗಿ ಅಜ್ಜಿಯನ್ನು ಮರದ ಕೆಳಗೆ ನಿಲ್ಲಿಸಿ ಫೋಟೊ ತೆಗೆದು, ಹುಣಸೇಮರದ ಪಿನ್ನಿಗೆ ಸೇರಿಸಿದ. ಅವನ ನಕ್ಷೆಯಲ್ಲಿ ದಾರಿ ತೋರಿಸುವ ಫೋಟೊ ಅಂತಿರುವುದು ಅದೊಂದೇ.

ಈಗ ಆ ನಕ್ಷೆ ಎಲ್ಲರಿಗೂ ತೆರೆದಿದೆ. ನಮ್ಮ ಕಡೆ ಬಂದರೆ ನೀವೂ ನೋಡಿ. ವಡೆಯನ್ನು ಮಾತ್ರ ಅವನು ಬರುವ ಮೊದಲೇ ತಿಂದು ಮುಗಿಸಿ.